ಕಟ್ಟೆ ಕಮಿಟಿಯ ಹೆಡ್‌ಫೋನು

ಕಾಗದನಗರ, ಭದ್ರಾವತಿ
೧೨ ಫೆಬ್ರವರಿ ೨೦೨೪

ಪ್ರೀತಿಯ ಸುಶ್ಮಿತಾ,

ನಿನ್ನ ಗಂಡ ನಿನ್ನೆ ಬಂದು ಹೆಡ್‌ಫೋನು ಕೊಟ್ಟು ಹೋದ. ಸೋಗಾನೆಯಲ್ಲಿ ವಿಮಾನ ಇಳಿಯುವ ಹೊತ್ತಾಯಿತು, ಗಿರಾಕಿಗಳು ಕಾಯುತ್ತಾರೆ ಎಂದು ಟ್ಯಾಕ್ಸಿಯ ಎಂಜಿನ್ನನ್ನೂ ನಿಲ್ಲಿಸಲಿಲ್ಲ. ನಿಮ್ಮಮ್ಮ ಕೊಟ್ಟ ಕಾಫಿಯನ್ನು ಗೇಟಿನಲ್ಲೇ ನಿಂತು ಕುಡಿದ. ನಾಗೇಶನಂಥ ಅಳಿಯ ಸಿಕ್ಕಿದ್ದು ನಮ್ಮ ಪುಣ್ಯ. ಇನ್ನೊಬ್ಬನಾಗಿದ್ದರೆ ಮಾವನ ಹುಚ್ಚಿಗೆ ಇಷ್ಟು ದೂರ ಸುತ್ತಿಕೊಂಡು ಬರುತ್ತಿರಲಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ನಮ್ಮ ಕಡೆಯ ಟವರಿನ ಕಥೆ ನಿನಗೆ ಗೊತ್ತೇ ಇದೆ. ನೀನು ಮಾತಾಡಿದರೆ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡವರ ಹಾಗೆ ಕೇಳುತ್ತದೆ. ನಾನು ಹ್ಞೂಂ ಹ್ಞೂಂ ಎಂದು ಫೋನನ್ನು ನಿಮ್ಮಮ್ಮನ ಕೈಗೆ ಕೊಟ್ಟುಬಿಡುತ್ತೇನೆ. ಜೀವಮಾನವೆಲ್ಲ ಕಾಗದ ಮಾಡಿದವನು ಮಗಳಿಗೆ ನಾಲ್ಕು ಹಾಳೆ ಬರೆದರೆ ತಪ್ಪೇನಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ನೀನು ಓದಿ ಮೊಬೈಲಿಗೆ ಕಳಿಸಿದ ಕಥೆಯನ್ನು ಸಂಜೆ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಎಲ್ಲರೂ ಕೇಳಿದೆವು. ಎಲ್ಲರೂ ಅಂದರೆ ನಾನು, ರಾಮಯ್ಯ, ಪೆರುಮಾಳ್, ಮತ್ತಿಬ್ಬರು. ಪೇಪರ್ ಮಷೀನಿನಲ್ಲಿ ಒಂದೇ ಶಿಫ್ಟಿನಲ್ಲಿದ್ದ ಹಳೆಯ ಗ್ಯಾಂಗು. ಮಿಲ್ಲು ನಿಂತ ಮೇಲೆ ನಮ್ಮ ಡ್ಯೂಟಿ ಕಟ್ಟೆಗೆ ವರ್ಗವಾಗಿದೆ. ಹೆಡ್‌ಫೋನನ್ನು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟಿಸಿದೆವು. ನಿನ್ನದು ತುಂಬುದನಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಕಾರ, ಶಕಾರ ಮಾತ್ರ ಎಲ್ಲೂ ಕೇಳಿಸಲಿಲ್ಲ. ಸೊಸೆ ಸೀಗೆಕಾಯಿ ತಂದಳು ಎಂದು ನೀನು ಓದಿದ್ದೀಯ. ಇಲ್ಲಿ ನಮಗೆ ಬಂದದ್ದು ಬರೀ 'ಒಎ ಈಗೆಕಾಯಿ'. ಐದು ಜನರೂ ಒಂದೇ ಮಾತು ಹೇಳಿದರು.

ತಪ್ಪು ನಿನ್ನದಲ್ಲ, ಹೆಡ್‌ಫೋನಿನದು ಎಂದು ಕಮಿಟಿ ತೀರ್ಮಾನಿಸಿದೆ. ಹಾಗೆಂದು ನೀನು ಕೊಟ್ಟದ್ದಕ್ಕೆ ನನಗೆ ಸಂತೋಷವಾಗಿಲ್ಲ ಎಂದುಕೊಳ್ಳಬೇಡ. ಈ ವಯಸ್ಸಿನವರೆಗೆ ನನಗೆ ಶರ್ಟು ಪಂಚೆ ಕೊಟ್ಟವರಿದ್ದಾರೆ, ಕಿವಿಗೆಂದು ಏನಾದರೂ ಕೊಟ್ಟವಳು ನೀನೊಬ್ಬಳೇ.

ನಿನ್ನ ಅಪ್ಪ
ಸುಬ್ಬಪ್ಪ


ಶಿವಮೊಗ್ಗ
೨೬ ಫೆಬ್ರವರಿ ೨೦೨೪

ಅಪ್ಪನಿಗೆ ನಮಸ್ಕಾರ.

ಕಟ್ಟೆ ಕಮಿಟಿಯ ವರದಿ ಕೈಸೇರಿತು. ಒಂದು ಹೆಡ್‌ಫೋನಿಗೆ ಐದು ತಲೆ ಎಂದು ಮೊದಲೇ ಗೊತ್ತಿದ್ದರೆ ಬೆವರು ಒರೆಸಲು ಒಂದು ಟವೆಲನ್ನೂ ಜೊತೆಗೆ ಕಳಿಸುತ್ತಿದ್ದೆ.

ಗಾಂಧಿ ಬಜಾರಿನಲ್ಲಿ ಶಿವಯೋಗಿ ಎನ್ನುವವರ ಎಲೆಕ್ಟ್ರಾನಿಕ್ಸ್ ಅಂಗಡಿಯಿದೆ. ನಿನ್ನ ಪತ್ರವನ್ನು ಅವರಿಗೆ ಓದಿ ಹೇಳಿದೆ. ನಾನು ಮೊದಲು ಕೊಂಡದ್ದರಲ್ಲಿ ದಪ್ಪ ಸದ್ದನ್ನು ಬೇಕೆಂದೇ ಹೆಚ್ಚಿಸಿರುತ್ತಾರಂತೆ. ಹುಡುಗರಿಗೆ ಡೋಲು ಎದೆಗೆ ಬಡಿದ ಹಾಗೆ ಕೇಳಬೇಕಲ್ಲ, ಅದಕ್ಕೆ. ಆ ಗದ್ದಲದಲ್ಲಿ ಮಾತು ಮುಳುಗಿಹೋಗುತ್ತದೆ ಎಂದರು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಮಧ್ಯಾಹ್ನವಿಡೀ ಒಂದಾದ ಮೇಲೊಂದು ಹಾಕಿಸಿದರು. ಗಿರಾಕಿಗಳು ಬಂದು ಹೋಗುತ್ತಲೇ ಇದ್ದರು, ಅವರು ಬೇಸರಪಡಲಿಲ್ಲ. ಕೊನೆಗೆ ಆರಿಸಿದ್ದನ್ನು ನಾಗೇಶನ ಕೈಲಿ ಕಳಿಸುತ್ತಿದ್ದೇನೆ. ಇದು ಸ್ಟುಡಿಯೋದವರು ಬಳಸುವಂಥದ್ದು, ವೈರಿನದು, ಕಿವಿಯನ್ನು ಪೂರ್ತಿ ಮುಚ್ಚುತ್ತದೆ. ಓದಿದ್ದನ್ನು ಓದಿದ ಹಾಗೇ ಕೇಳಿಸುತ್ತದೆ, ತನ್ನದೇನೂ ಸೇರಿಸುವುದಿಲ್ಲ.

ನಿನ್ನ ಅಭಿಪ್ರಾಯ ನನಗೆ ಇಷ್ಟೊಂದು ಯಾಕೆ ಬೇಕು ಎಂದು ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ಕಾದಂಬರಿ ಕೇಳಿಸುವ ಒಂದು ಕಂಪನಿಯವರು ಜನವರಿಯಲ್ಲಿ ನನ್ನ ಒಂದು ತುಣುಕು ಕೇಳಿ ಮೆಚ್ಚಿಕೊಂಡಿದ್ದರು. ಈಗ ಒಂದು ಇಡೀ ಕಾದಂಬರಿಯನ್ನು ನನ್ನಿಂದ ಓದಿಸುವ ಯೋಚನೆಯಲ್ಲಿದ್ದಾರೆ. ಏಪ್ರಿಲ್ ಮುಗಿಯುವುದರೊಳಗೆ ಒಂದು ಅಧ್ಯಾಯ ಓದಿ ಕಳಿಸಬೇಕು. ಅದು ಕೈಗೂಡಿದರೆ ಟ್ಯೂಷನ್ ಬಿಟ್ಟು ಇದನ್ನೇ ಕೆಲಸ ಮಾಡಿಕೊಳ್ಳುತ್ತೇನೆ. ಕೈಗೂಡದಿದ್ದರೆ ಇನ್ನೊಬ್ಬರ ಬಾಗಿಲು ತಟ್ಟುವ ಧೈರ್ಯ ನನಗಿಲ್ಲ. ನಿಮ್ಮ ಮಿಲ್ಲಿನ ರಾಜ್ಯೋತ್ಸವದ ನಾಟಕಗಳಲ್ಲಿ ನೀನು ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದು ನಿಂತಿರುತ್ತಿದ್ದೆ. ನಾನು ನನ್ನ ಮಾತು ಮುಗಿಸಿ ಮೊದಲು ನೋಡುತ್ತಿದ್ದದ್ದು ಜನರ ಕಡೆಗಲ್ಲ, ನಿನ್ನ ಕಡೆಗೆ. ನೀನು ತಲೆಯಾಡಿಸಿದರೆ ನನಗೆ ಸಾಕಾಗುತ್ತಿತ್ತು. ಈಗಲೂ ಹಾಗೇ.

ಓದುವ ಕೋಣೆಯ ಗೋಡೆಗೆಲ್ಲ ಮಂಡಿಯಿಂದ ತಂದ ಅಡಿಕೆಯ ಖಾಲಿ ಗೋಣಿಚೀಲ ಹೊಡೆದಿದ್ದೇವೆ. ದನಿ ಗೋಡೆಗೆ ತಾಗಿ ವಾಪಸು ಬರುವುದಿಲ್ಲ. ಹೊಸದಾಗಿ ಬಂದವರು ನಾಗೇಶ ಟ್ಯಾಕ್ಸಿ ಬಿಟ್ಟು ಅಡಿಕೆ ವ್ಯಾಪಾರಕ್ಕೆ ಇಳಿದನೇ ಎಂದು ಕೇಳುತ್ತಾರೆ.

ಅಮ್ಮನಿಗೆ ನನ್ನ ನೆನಪು ಹೇಳು.

ಸುಶ್ಮಿತಾ


ಕಾಗದನಗರ
೧೧ ಮಾರ್ಚ್ ೨೦೨೪

ಸುಶ್ಮಿತಾ,

ಹೊಸ ಹೆಡ್‌ಫೋನು ರಾಜನ ಹಾಗಿದೆ. ಹಾಕಿಕೊಂಡರೆ ಲೋಕವೆಲ್ಲ ಹೊರಗೆ, ನೀನು ಮತ್ತು ನಾನು ಮಾತ್ರ ಒಳಗೆ. ಶಿವಯೋಗಿಯವರಿಗೆ ನನ್ನ ನಮಸ್ಕಾರ ತಿಳಿಸು. ಅಂಗಡಿಯಲ್ಲಿ ಅಷ್ಟು ತಾಳ್ಮೆ ಇರುವವರು ಈಗ ಅಪರೂಪ.

ಇದರಲ್ಲಿ ಏನೇನು ಕೇಳಿಸಿತು ಗೊತ್ತೇ? ನೀನು ಪುಟ ಮುಗಿದಾಗ ಕುರ್ಚಿಯಲ್ಲಿ ಜರುಗಿದ್ದು ಕೇಳಿಸಿತು. ಎಂಟನೆಯ ನಿಮಿಷದ ಹೊತ್ತಿಗೆ ಬಹಳ ದೂರದಲ್ಲಿ ವಿಮಾನ ಇಳಿದ ಗುಡುಗುಡು ಕೇಳಿಸಿತು. ನೀನು ಗಮನಿಸಿರಲಿಕ್ಕಿಲ್ಲ, ಹಾಕಿ ನೋಡು. ಇದು ಮಷೀನಿನ ಮುಂದೆ ಪಳಗಿದ ಕಿವಿ. ಹಾಳೆ ಹರಿಯುವ ಮುಂಚೆ ರೋಲರಿನ ಗುಂಯ್ ಎನ್ನುವುದು ಒಂದು ಎಳೆ ಬದಲಾಗುತ್ತಿತ್ತು. ನಾನು ಎರಡೂ ಕೈ ಎತ್ತಿ ಅಗಲಿಸಿದರೆ ಅತ್ತ ತುದಿಯಲ್ಲಿ ಪೆರುಮಾಳ್ ಸಿದ್ಧನಾಗುತ್ತಿದ್ದ. ಅಲ್ಲಿ ಬಾಯಿಮಾತಿಗೆ ಎಡೆಯಿಲ್ಲ, ಎಲ್ಲವೂ ಕೈಸನ್ನೆ. ಕಿವಿಗೆ ಹಾಕಿಕೊಳ್ಳುವ ಬಿರಡೆಗಳನ್ನು ಕೊಡುತ್ತಿದ್ದರು, ನಾವು ಯಾರೂ ಹಾಕಿಕೊಳ್ಳುತ್ತಿರಲಿಲ್ಲ. ಹಾಕಿಕೊಂಡರೆ ಆ ಎಳೆ ಸಿಕ್ಕುವುದು ಹೇಗೆ?

ಅದಕ್ಕೇ ನಿನಗೆ ಕಷ್ಟದ ಮಾತೊಂದನ್ನು ಹೇಳಬೇಕಾಗಿದೆ. ವಿಮಾನವನ್ನೂ ಕುರ್ಚಿಯನ್ನೂ ಕೇಳಿಸುವ ಹೆಡ್‌ಫೋನಿನಲ್ಲಿ ನಿನ್ನ ಸಕಾರ ಮಾತ್ರ ಕೇಳಿಸುವುದಿಲ್ಲ. ಹೆಡ್‌ಫೋನನ್ನು ಇನ್ನು ಬಯ್ಯುವ ಹಾಗಿಲ್ಲ. ನೀನೇ ನುಂಗುತ್ತಿದ್ದೀಯ. ಮೈಕಿನ ಮುಂದೆ ಕೂತಾಗ ಹೆದರಿಕೆಯೋ ಏನೋ. ಕಮಿಟಿಯೂ ಇದನ್ನೇ ಹೇಳುತ್ತದೆ. 'ಪೊಣ್ಣು ವಾಯ್ಸು ಸೂಪರು, ಆದ್ರೆ ಅಕ್ಷರ ಉದುರಿ ಹೋಗ್ತದೆ ಸುಬ್ಬಪ್ಪ' ಎಂದು ಪೆರುಮಾಳ್ ತನ್ನ ತಮಿಳುಗನ್ನಡದಲ್ಲಿ ತುಂಬ ನೊಂದುಕೊಂಡ.

ಬೇಜಾರು ಮಾಡಿಕೊಳ್ಳಬೇಡ. ಹೊರಗಿನವರು ಹೇಳುವುದಕ್ಕಿಂತ ಮೊದಲು ನಾನು ಹೇಳುವುದು ಒಳ್ಳೆಯದು.

ಅಪ್ಪ


ಶಿವಮೊಗ್ಗ
೨೮ ಮಾರ್ಚ್ ೨೦೨೪

ಅಪ್ಪ,

ನಿನ್ನ ಪತ್ರ ಓದಿ ಎರಡು ದಿನ ಮೈಕಿನ ಹತ್ತಿರ ಹೋಗಲಿಲ್ಲ. ಆಮೇಲೆ ಎಂಟನೆಯ ನಿಮಿಷವನ್ನು ಹಾಕಿ ಕೇಳಿದೆ. ವಿಮಾನ ಇದೆ, ಅಪ್ಪ. ನಾನು ಕೇಳಿಸಿಕೊಂಡಿರಲಿಲ್ಲ, ನಾಗೇಶನೂ ಕೇಳಿಸಿಕೊಂಡಿರಲಿಲ್ಲ. ಅದನ್ನು ಹಿಡಿದ ಕಿವಿಯ ಮಾತನ್ನು ಒಪ್ಪದೆ ಇರುವುದು ಹೇಗೆ?

ಈಗ ದಿನಾ ಕನ್ನಡಿಯ ಮುಂದೆ ನಿಂತು ಸಕಾರ ಶಕಾರಗಳನ್ನು ಒತ್ತಿ ಒತ್ತಿ ಹೇಳುತ್ತೇನೆ. ಮೈಕನ್ನು ಬಾಯಿಯ ನೇರಕ್ಕೆ ತಂದಿದ್ದೇನೆ. ಕಂಪ್ಯೂಟರಿನಲ್ಲಿ ಚೂಪು ಸದ್ದುಗಳನ್ನು ಎತ್ತಿಕೊಡುವ ಒಂದು ಗುಂಡಿ ಇದೆ, ಅದನ್ನು ಸಾಕಷ್ಟು ಮೇಲಕ್ಕೆ ಒಯ್ದಿದ್ದೇನೆ. ನಾಗೇಶ ಕೇಳಿ ಹಾವು ಬುಸುಗುಟ್ಟಿದ ಹಾಗಿದೆ ಎಂದ. ಎಂಜಿನ್ನಿನ ಸದ್ದು ಬಿಟ್ಟು ಬೇರೆ ಸದ್ದು ನಿನಗೇನು ಗೊತ್ತು ಎಂದು ಅವನ ಬಾಯಿ ಮುಚ್ಚಿಸಿದೆ.

ಜೊತೆಗೆ ಇನ್ನೊಂದು ಹೆಡ್‌ಫೋನು ಕಳಿಸುತ್ತಿದ್ದೇನೆ. ಇದೇ ಕೊನೆಯದು ಎಂದು ಶಿವಯೋಗಿಯವರ ಮುಂದೆ ಆಣೆ ಮಾಡಿ ಬಂದಿದ್ದೇನೆ. ಇದರ ಬೆನ್ನಿಗೆ ಜಾಲರಿ ಇದೆ, ಗಾಳಿ ಆಡುತ್ತದೆ. ಸಣ್ಣ ಸಣ್ಣ ಸದ್ದುಗಳು ಬಿಡಿಬಿಡಿಯಾಗಿ ಕೇಳುತ್ತವೆ. ಇದಕ್ಕೆ ಮೊಬೈಲಿನ ಶಕ್ತಿ ಸಾಲುವುದಿಲ್ಲ, ಅದಕ್ಕೇ ಬೆಂಕಿಪೊಟ್ಟಣದಷ್ಟು ದೊಡ್ಡ ಆಂಪ್ಲಿಫೈಯರ್ ಇಟ್ಟಿದ್ದೇನೆ. ಮಧ್ಯದಲ್ಲಿ ಸಿಕ್ಕಿಸಬೇಕು. ಹೊಸದಾಗಿ ಓದಿದ ಅಧ್ಯಾಯ ಮೊಬೈಲಿಗೆ ಬಂದಿರುತ್ತದೆ.

ನೀನು ನೇರವಾಗಿ ಹೇಳಿದ್ದಕ್ಕೆ ಋಣಿ. ಯುಗಾದಿಗೆ ಬರುತ್ತೇನೆ, ಎದುರಿಗೆ ಕೂತು ಓದುತ್ತೇನೆ.

ಸುಶ್ಮಿತಾ


ಕಾಗದನಗರ
೧೪ ಏಪ್ರಿಲ್ ೨೦೨೪

ಚಿನ್ನದಂಥ ಮಗಳಿಗೆ,

ಗೆದ್ದೆ ಕಣಮ್ಮ ನೀನು. ಹೊಸ ಅಧ್ಯಾಯ, ಹೊಸ ಹೆಡ್‌ಫೋನು, ಆ ಬೆಂಕಿಪೊಟ್ಟಣ, ಮೂರೂ ಸೇರಿ ಸಕಾರ ಎದ್ದು ಕೂತಿದೆ. ಶಿವಯೋಗಿಯವರು ಅಸಲಿ ಸಾಮಾನನ್ನೇ ಕೊಟ್ಟಿದ್ದಾರೆ. ರಾಮಯ್ಯ ಕೇಳಿ ಕಣ್ಣಲ್ಲಿ ನೀರು ತಂದುಕೊಂಡ. ಎಲ್ಲರೂ ಒಪ್ಪಿದರು, ಕಮಿಟಿಯ ಪರವಾಗಿ ನಿನಗೆ ಅಭಿನಂದನೆ. ಇದನ್ನೇ ಕಂಪನಿಗೆ ಕಳಿಸು, ಒಂದು ಚೂರೂ ಬದಲಾಯಿಸಬೇಡ.

ಒಂದು ವಿಚಿತ್ರ ನೋಡು. ಹಬ್ಬದ ದಿನ ನೀನು ನನ್ನೆದುರು ಕೂತು ಇದೇ ಅಧ್ಯಾಯವನ್ನು ಮೆಲ್ಲನೆ ಓದಿದೆಯಲ್ಲ, ಆಗ ಒಂದಕ್ಷರವೂ ತಪ್ಪಲಿಲ್ಲ. ಯಂತ್ರದೊಳಗೆ ಹೋಗಿ ಬರುವಾಗ ಮಾತ್ರ ಇಷ್ಟೆಲ್ಲ ಉಪಚಾರ ಬೇಕಾಯಿತು. 

ಎಲ್ಲರೂ ಒಪ್ಪಿದರು ಎಂದು ಬರೆದೆ. ಒಬ್ಬರು ಒಪ್ಪಲಿಲ್ಲ. ಸ್ಟೋರ್ಸಿನಲ್ಲಿದ್ದ ಸಿದ್ದಯ್ಯ ಊರಿನಿಂದ ಬಂದಿದ್ದ, ಕಟ್ಟೆಗೆ ಕರೆದು ಅವನ ತಲೆಗೂ ಹಾಕಿದೆವು. ಹಾಕಿದ ಕೂಡಲೇ ತೆಗೆದ. 'ಕಿವಿ ಕುಯ್ದಂಗೆ ಆಗ್ತದೆ ಮಾರಾಯ' ಎಂದ. ಜೀವಮಾನವೆಲ್ಲ ಗೋಡೌನಿನಲ್ಲಿ ನಟ್ಟು ಬೋಲ್ಟು ಎಣಿಸಿದವನಿಗೆ ಸದ್ದಿನ ಸೂಕ್ಷ್ಮ ಏನು ಗೊತ್ತಾಗಬೇಕು ಎಂದು ನಾವು ನಕ್ಕೆವು. ನಿಮ್ಮಮ್ಮನೂ ಸ್ವಲ್ಪ ಕೇಳಿ, ಅನ್ನ ಹತ್ತುತ್ತದೆ ಎಂದು ಒಳಗೆ ಹೋದಳು. ಅನ್ನ ಆಗಿ ಬಹಳ ಹೊತ್ತಾಗಿತ್ತು.

ನಿನಗೆ ನಾನು ಏನು ಕೊಟ್ಟಿದ್ದೇನೆ ಎಂದು ಯೋಚಿಸುತ್ತೇನೆ. ಆಸ್ತಿಯಿಲ್ಲ, ಮನೆಯಿಲ್ಲ. ನಾಲ್ಕು ಮಾತು ತಿದ್ದಿದ್ದೇನೆ, ಅಷ್ಟೇ. ಅದು ನಿನ್ನ ಅನ್ನಕ್ಕೆ ದಾರಿಯಾದರೆ ಇನ್ನೇನು ಬೇಕು.

ನಿನ್ನ ಹೆಮ್ಮೆಯ ಅಪ್ಪ
ಸುಬ್ಬಪ್ಪ


ಶಿವಮೊಗ್ಗ
೯ ಮೇ ೨೦೨೪

ಅಪ್ಪ,

ಕಂಪನಿಯಿಂದ ಉತ್ತರ ಬಂತು. ಅಧ್ಯಾಯವನ್ನು ವಾಪಸು ಕಳಿಸಿದ್ದಾರೆ. ಜನವರಿಯ ತುಣುಕಿನಲ್ಲಿದ್ದ ದನಿ ಎಲ್ಲಿ ಹೋಯಿತು, ಇದು ಕಿವಿಗೆ ಚುಚ್ಚುತ್ತದೆ, ಐದು ನಿಮಿಷಕ್ಕಿಂತ ಹೆಚ್ಚು ಕೇಳಲು ಆಗುವುದಿಲ್ಲ ಎಂದು ಬರೆದಿದ್ದಾರೆ. ಕಾದಂಬರಿಯನ್ನು ಬೇರೆಯವರಿಗೆ ಕೊಡುವ ಯೋಚನೆ ಇದೆಯಂತೆ. ಇನ್ನೊಂದು ಅವಕಾಶ ಕೊಡಿ ಎಂದು ಕೇಳಿದ್ದೇನೆ. ಏನೂ ಹೇಳಿಲ್ಲ.

ಅತ್ತದ್ದಾಯಿತು. ಆಮೇಲೆ ನಿನ್ನ ಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದೆ. ಈಗ ಬರೆಯುವುದನ್ನು ನಿನ್ನ ಎದುರಿಗೆ ಕೂತು ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಸಿದ್ದಯ್ಯ ಮಾವ ಸ್ಟೋರ್ಸಿನವರು. ಅವರು ಒಂದು ದಿನವೂ ಮಷೀನಿನ ಪಕ್ಕ ನಿಂತು ಕೆಲಸ ಮಾಡಿದವರಲ್ಲ. ಅಮ್ಮನೂ ಅಷ್ಟೇ, ನಾಗೇಶನೂ ಅಷ್ಟೇ. ಈ ಮೂವರಿಗೂ ನನ್ನ ದನಿ ಚುಚ್ಚಿತು. ನಿಮ್ಮ ಐವರಿಗೆ ಮಾತ್ರ ಹಿತವಾಯಿತು. ನೀವು ಐವರೂ ಒಂದೇ ಮಷೀನಿನ ಮುಂದೆ, ಒಂದೇ ಸದ್ದಿನಲ್ಲಿ ವಯಸ್ಸು ಕಳೆದವರು. ದಪ್ಪ ಸದ್ದು ನಿನಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಕೇಳುತ್ತದೆ, ವಿಮಾನ ಕೇಳಿಸಿದ್ದು ಅದಕ್ಕೇ. ಚೂಪು ಸದ್ದುಗಳು ನಿನ್ನನ್ನು ಬಿಟ್ಟು ಹೋಗಿವೆ ಅಪ್ಪ. ಸಕಾರ ಬರುವುದು ಆ ಕಡೆಯಲ್ಲಿ. ಎದುರಿಗೆ ಕೂತು ಓದಿದಾಗ ತಪ್ಪಲಿಲ್ಲ ಎಂದೆಯಲ್ಲ, ನೀನು ನನ್ನ ತುಟಿ ನೋಡುತ್ತಿದ್ದೆ. ಫೋನಿಗೆ ತುಟಿ ಇಲ್ಲ, ಹೆಡ್‌ಫೋನಿಗೂ ಇಲ್ಲ.

ನಮಗೆ ಯಾರಿಗೂ ಇದು ಗೊತ್ತಾಗಲಿಲ್ಲ, ಯಾಕೆಂದರೆ ನಮ್ಮ ಓಣಿಯೇ ಹಾಗಿತ್ತು. ಎಲ್ಲರ ಮನೆಯಲ್ಲೂ ಎದುರಿಗೆ ನಿಂತು, ಕೈಯಾಡಿಸಿಕೊಂಡು, ಗಟ್ಟಿಯಾಗಿ ಮಾತು. ಚಿಕ್ಕವಳಿದ್ದಾಗ ಶಿವಮೊಗ್ಗದ ನೆಂಟರು ನಾನೇಕೆ ಇಷ್ಟು ಕೈಬೀಸಿ ಮಾತಾಡುತ್ತೇನೆ ಎಂದು ನಗುತ್ತಿದ್ದರು. 

ನನಗೆ ನಿನ್ನ ಮೇಲೆ ಕೋಪವಿಲ್ಲ. ಕೋಪವಿದ್ದರೆ ಇಷ್ಟು ಕಷ್ಟಪಟ್ಟು ಬರೆಯುತ್ತಿರಲಿಲ್ಲ. ಇಲ್ಲಿ ಮೈತ್ರಿ ಎಂದು ಒಬ್ಬರು ಕಿವಿ ಪರೀಕ್ಷೆ ಮಾಡುತ್ತಾರೆ. ಒಮ್ಮೆ ಬಾ.

ನಿನ್ನ ಮಗಳು
ಸುಶ್ಮಿತಾ


ಕಾಗದನಗರ
೨ ಜೂನ್ ೨೦೨೪

ಸುಶ್ಮಿತಾಗೆ ಅಮ್ಮನ ಆಶೀರ್ವಾದ.

ನನಗೆ ಕಾಗದ ಬರೆದು ರೂಢಿಯಿಲ್ಲ, ತಪ್ಪಿದ್ದರೆ ನೀನೇ ತಿದ್ದಿಕೋ. ನಿಮ್ಮಪ್ಪ ಬರೆಯುವ ಹಾಗೆ ಕಾಣಲಿಲ್ಲ, ಅದಕ್ಕೆ ನಾನು ಕೂತೆ.

ನಿನ್ನ ಕಾಗದ ಬಂದ ದಿನ ಅವರು ಅದನ್ನು ಎರಡು ಸಲ ಓದಿದರು. ಮೂರೂ ಹೆಡ್‌ಫೋನುಗಳನ್ನು ಡಬ್ಬಿಗೆ ಹಾಕಿ ಬೀರುವಿನ ಮೇಲಿಟ್ಟರು. ಕಟ್ಟೆಗೆ ಹೋಗುವುದನ್ನು ಬಿಟ್ಟರು. ರಾಮಯ್ಯನವರು ಕರೆಯಲು ಬಂದರೆ ಜ್ವರ ಎಂದು ನನ್ನ ಕೈಲಿ ಹೇಳಿಸಿದರು. ಕಿವಿ ಹೋದದ್ದಕ್ಕಲ್ಲ ಅವರ ಸಂಕಟ. ಕೂಸಿನ ಕೆಲಸ ನನ್ನಿಂದ ಹೋಯಿತು ಎಂದು. ಊಟಕ್ಕೆ ಕೂತರೆ ಅದನ್ನೇ ಹೇಳುತ್ತಿದ್ದರು.

ನೀನು ನನ್ನನ್ನು ಕೇಳಬಹುದು, ಅಮ್ಮ ನಿನಗೆ ಗೊತ್ತಿರಲಿಲ್ಲವಾ ಎಂದು. ಮದುವೆಯಾಗಿ ಬಂದ ಹೊಸದರಲ್ಲೇ ಓಣಿಯ ಹೆಂಗಸರು ಕಲಿಸಿಕೊಟ್ಟಿದ್ದರು, ಮಷೀನಿನವರ ಹತ್ತಿರ ಮಾತಾಡಬೇಕಾದರೆ ಮುಖದ ಮುಂದೆ ನಿಲ್ಲಬೇಕು ಎಂದು. ನಾನು ಗಂಡಸರೇ ಹಾಗೆ ಎಂದುಕೊಂಡಿದ್ದೆ. ಕುಕ್ಕರ್ ಕೂಗಿದರೆ ಏಳುವುದಿಲ್ಲ ಎಂದು ಎಷ್ಟು ಸಲ ಬೈದಿದ್ದೇನೆ.

ಹೋದ ವಾರ ಮಧ್ಯಾಹ್ನ ತಾವಾಗೇ ನನ್ನನ್ನು ಕರೆದರು. 'ನನ್ನ ಹಿಂದ್ಗಡೆ ನಿಂತ್ಕೊಂಡು ಏನಾದ್ರೂ ಹೇಳು. ಜೋರಾಗಿ ಬೇಡ' ಅಂದರು. ಸೊಳ್ಳೆ ಬರ್ತವೆ ಕಿಟಕಿ ಹಾಕ್ರಿ ಅಂದೆ. ಏನೋ ಗುಣುಗುಟ್ಟಿದೆ ಅಂದರು. ಎದುರಿಗೆ ಬಂದು ಅಷ್ಟೇ ಮೆಲ್ಲಗೆ ಹೇಳಿದೆ, ಎಲ್ಲ ಗೊತ್ತಾಯಿತು. ಆಮೇಲೆ ಅವರೇ ಕಣ್ಣು ಮುಚ್ಚಿಕೊಂಡರು, ಇನ್ನೊಂದು ಸಲ ಹೇಳು ಅಂದರು. ಹೇಳಿದೆ. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಕೊನೆಗೆ 'ದುರ್ಗಾ, ಕೂಸು ಹೇಳಿದ್ದು ಸರಿ ಇದೆ' ಅಂದರು.

ಹತ್ತನೆಯ ತಾರೀಕು ಸೋಮವಾರ ಇಬ್ಬರೂ ಬಸ್ಸಿಗೆ ಬರುತ್ತೇವೆ. ನಾಗೇಶ ಟ್ಯಾಕ್ಸಿ ತರುವುದು ಬೇಡ, ಅವನ ಬಾಡಿಗೆ ತಪ್ಪುತ್ತದೆ.

ನಿನಗೆ ಹೇಳುವ ಧೈರ್ಯ ಬಂತಲ್ಲ, ಅದು ದೊಡ್ಡದು. ನನಗೆ ಬಂದಿರಲಿಲ್ಲ.

ಅಮ್ಮ
ದುರ್ಗಮ್ಮ


ಶಿವಮೊಗ್ಗ
೨೭ ಜೂನ್ ೨೦೨೪

ಅಪ್ಪ,

ಪರೀಕ್ಷೆ ಮಾಡಿ ಕೊಟ್ಟ ಕಿವಿಯ ಮಷೀನಿಗೆ ಒಗ್ಗಿಕೊಂಡೆಯಾ? ಮೊದಮೊದಲು ಎಲ್ಲವೂ ತಗಡು ಬಡಿದ ಹಾಗೆ ಕೇಳುತ್ತದೆ, ಕಿತ್ತು ಬಿಸಾಡಬೇಕು ಎನ್ನಿಸುತ್ತದೆ, ಆದರೂ ದಿನಾ ಹಾಕಿಕೊಳ್ಳಬೇಕು ಎಂದು ಮೈತ್ರಿಯವರು ಮತ್ತೆ ಮತ್ತೆ ಹೇಳಿದ್ದಾರೆ. ಹೋದದ್ದೆಲ್ಲ ವಾಪಸು ಬರುವುದಿಲ್ಲ, ಸ್ವಲ್ಪ ಬರುತ್ತದೆ ಎಂದೂ ಹೇಳಿದ್ದಾರೆ. ಅವರು ಸುಳ್ಳು ಭರವಸೆ ಕೊಡದೆ ಇದ್ದದ್ದು ನನಗೆ ಇಷ್ಟವಾಯಿತು.

ನೀನು ಬಸ್‌ಸ್ಟ್ಯಾಂಡಿನಲ್ಲಿ ಕ್ಷಮಿಸು ಎನ್ನಲು ಹೊರಟೆ, ನಾನು ಮಾತು ಬದಲಾಯಿಸಿದೆ. ಈಗ ಬರೆಯುತ್ತೇನೆ. ನೀನು ಕ್ಷಮೆ ಕೇಳಬೇಕಾದ್ದು ಏನೂ ಇಲ್ಲ. ಕೇಳಿಸಿದ್ದನ್ನು ಕೇಳಿಸಿದ ಹಾಗೇ ಹೇಳಿದ್ದೀಯ. ಮಗಳು ಎಂದು ಸುಮ್ಮನೆ ಹೊಗಳಿದ್ದರೆ ನಿನ್ನ ಕಿವಿಯ ವಿಷಯ ಯಾರಿಗೂ ತಿಳಿಯುತ್ತಲೇ ಇರಲಿಲ್ಲ. 

ಕಂಪನಿಯವರು ಇನ್ನೊಂದು ಅವಕಾಶ ಕೊಟ್ಟರು. ಮೈಕನ್ನು ಮೊದಲಿನ ಜಾಗಕ್ಕೆ ಸರಿಸಿದೆ, ಆ ಗುಂಡಿಯನ್ನು ಸೊನ್ನೆಗೆ ತಂದೆ, ಯಾರಿಗೂ ಕೇಳಿಸದೆ ಓದಿ ಕಳಿಸಿದೆ. ನಿನ್ನೆ ಒಪ್ಪಿಗೆ ಬಂತು. ಇಡೀ ಕಾದಂಬರಿ ನನ್ನದೇ. ಮೊದಲ ಸಲ ನಿನ್ನ ತಲೆಯಾಡಿಸುವಿಕೆಗೆ ಕಾಯದೆ ಓದಿದೆ. ಅದು ಸುಲಭವಾಗಿರಲಿಲ್ಲ.

ಹೆಡ್‌ಫೋನಿನ ವಿಷಯ. ಕಿವಿಯ ಮಷೀನಿನ ಮೇಲೆ ಮುಚ್ಚುವ ಹೆಡ್‌ಫೋನು ಹಾಕಿದರೆ ಕುಯ್ಯೋ ಎಂದು ಕೂಗುತ್ತದೆ. ಶಿವಯೋಗಿಯವರಿಗೆ ಎಲ್ಲವನ್ನೂ ಹೇಳಿದೆ. ತಮ್ಮ ತಂದೆಯೂ ಹೀಗೇ ಸದ್ದು ಸರಿಯಿಲ್ಲ ಎಂದು ಟಿ.ವಿ. ಬದಲಾಯಿಸುತ್ತಿದ್ದರು ಎಂದರು. ನೀನು ಬಂದಾಗ ತಂದುಕೊಟ್ಟಿದ್ದ ಆಂಪ್ಲಿಫೈಯರನ್ನು ತಾವೇ ವಾಪಸು ತೆಗೆದುಕೊಂಡು ಇದನ್ನು ಕೊಟ್ಟರು. ಬಟ್ಟಲು ಆಳವಾಗಿದೆ, ಮೆತ್ತೆ ದೊಡ್ಡದಿದೆ, ಬೆನ್ನು ತೆರೆದಿದೆ. ಕಿವಿಯ ಮಷೀನಿಗೆ ತಾಗದೆ ಸುತ್ತಲೂ ಕೂರುತ್ತದೆ. ಬಾಕಿ ಮೂರಕ್ಕಿಂತ ಇದು ಸಾದಾ. ನಿನಗೆ ಹೊಂದುವುದು ಇದೇ.

ಕಾದಂಬರಿ ಆಗಸ್ಟಿನಲ್ಲಿ ಬರುತ್ತದೆ.

ಸುಶ್ಮಿತಾ


ಕಾಗದನಗರ
೧೮ ಆಗಸ್ಟ್ ೨೦೨೪

ಮಗಳೇ,

ಇಷ್ಟು ದಿನ ಬರೆಯದೆ ಇದ್ದದ್ದು ಬೇಸರದಿಂದಲ್ಲ. ಕೇಳಿಸಿಕೊಳ್ಳುವ ಕೆಲಸ ಬಹಳ ಇತ್ತು.

ಮೊದಲ ವಾರ ನಿಜಕ್ಕೂ ತಗಡಿನ ಅಂಗಡಿಯಲ್ಲಿ ಕೂತ ಹಾಗಿತ್ತು. ನಿಮ್ಮಮ್ಮನ ಬಳೆ ಇಷ್ಟು ಮಾತಾಡುತ್ತದೆ ಎಂದು ಗೊತ್ತಿರಲಿಲ್ಲ. ಈ ಹಾಳೆಯ ಮೇಲೆ ಕೈ ಸರಿಸಿದರೆ ಸರಸರ ಎನ್ನುತ್ತದೆ. ಲಾರಿಗಟ್ಟಲೆ ಕಾಗದ ಮಾಡಿದ್ದೇನೆ, ಕಾಗದಕ್ಕೆ ಇಂಥ ಸದ್ದಿದೆ ಎಂಬುದು ಮರೆತೇಹೋಗಿತ್ತು. ಹೋಟೆಲಿನಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಈಗಲೂ ಏನೂ ತಿಳಿಯುವುದಿಲ್ಲ. ಇರಲಿ, ಅಲ್ಲಿ ಕೇಳಬೇಕಾದ್ದು ಅಂಥದ್ದೇನೂ ಇರುವುದಿಲ್ಲ.

ಕಟ್ಟೆಗೆ ಮತ್ತೆ ಹೋಗುತ್ತಿದ್ದೇನೆ. ಎಲ್ಲವನ್ನೂ ಹೇಳಿದೆ. ಪೆರುಮಾಳ್ ಮೊದಲು ಸಿಟ್ಟಾದ, ಆಮೇಲೆ ಮೈತ್ರಿಯವರ ವಿಳಾಸ ಕೇಳಿದ. ರಾಮಯ್ಯನೂ ಹೋಗಿ ಬಂದ. ಕಮಿಟಿಯ ಅಧ್ಯಕ್ಷ ಸ್ಥಾನವನ್ನು ಸಿದ್ದಯ್ಯನಿಗೆ ಬಿಟ್ಟುಕೊಟ್ಟಿದ್ದೇವೆ. ಊರಿನಿಂದ ಬಂದಾಗಲೆಲ್ಲ ಅವನ ದರ್ಬಾರು ತಡೆಯಲಾಗುವುದಿಲ್ಲ. ನಿನ್ನ ಒಂದು ಪತ್ರದಿಂದ ನಾಲ್ಕಾರು ಮನೆಗಳಲ್ಲಿ ಮಾತು ಮತ್ತೆ ಶುರುವಾಗಿದೆ. ಅವರ ಹೆಂಡಂದಿರು ನಿನಗೆ ಒಳ್ಳೆಯದಾಗಲಿ ಎನ್ನುತ್ತಿದ್ದಾರೆ, ಒಬ್ಬಿಬ್ಬರು ಗಂಡನ ಕಿವಿ ಕೇಳುವಂತಾದದ್ದಕ್ಕೆ ಸ್ವಲ್ಪ ಚಿಂತೆಯಲ್ಲೂ ಇದ್ದಾರೆ.

ಕಾದಂಬರಿ ಬಂದ ದಿನ ಕಟ್ಟೆಗೆ ಒಯ್ಯಲಿಲ್ಲ. ಮಧ್ಯಾಹ್ನ ಮನೆಯಲ್ಲೇ ಕೂತು, ನೀನು ಕಳಿಸಿದ ಸಾದಾ ಹೆಡ್‌ಫೋನು ಹಾಕಿಕೊಂಡು, ಒಬ್ಬನೇ ಕೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದೆ. ತಿದ್ದಬೇಕಾದ್ದು ಏನೂ ಸಿಕ್ಕಲಿಲ್ಲ. ಮೊದಲ ಅಧ್ಯಾಯ ಮುಗಿಯುವ ಹೊತ್ತಿಗೆ ತಿದ್ದಬೇಕು ಎಂಬುದೇ ಮರೆತು, ಮುಂದೇನಾಯಿತು ಎಂದು ಕಾಯುತ್ತಿದ್ದೆ. ಓದುವವಳು ನನ್ನ ಮಗಳು ಎಂಬುದೂ ಮರೆತಿತ್ತು. ಇದಕ್ಕಿಂತ ಹೆಚ್ಚಿನ ಶಹಭಾಷ್‌ಗಿರಿ ನನ್ನ ಹತ್ತಿರ ಇಲ್ಲ.

ಒಂದು ಮಾತು ನಿನಗೆ ಹೇಳಿಲ್ಲ. ಮೈತ್ರಿಯವರ ಹತ್ತಿರ ಪರೀಕ್ಷೆ ಮುಗಿದು ನೀವಿಬ್ಬರೂ ಹೊರಗೆ ಹೋದಾಗ ನಾನು ಅವರನ್ನು ಕೇಳಿದ್ದೆ, ಇದು ಯಾವತ್ತಿನಿಂದ ಇರಬಹುದು ಎಂದು. ಇಂಥ ಕೆಲಸದಲ್ಲಿ ಮೊದಲ ಹತ್ತು ವರ್ಷದಲ್ಲೇ ಹೆಚ್ಚಿನದು ಹೋಗಿರುತ್ತದೆ, ಹೋದದ್ದು ತಿಳಿಯುವುದಿಲ್ಲ ಎಂದರು. ನೀನು ಹುಟ್ಟಿದಾಗ ನಾನು ಮಷೀನಿಗೆ ಸೇರಿ ಎಂಟನೆಯ ವರ್ಷ. ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಿದ್ದೆ. ನೀನು ಮಾತು ಕಲಿತದ್ದು, ಪದ್ಯ ಒಪ್ಪಿಸಿದ್ದು, ನಾಟಕದಲ್ಲಿ ಮಾತಾಡಿದ್ದು, ಎಲ್ಲವನ್ನೂ ನಾನು ಕೇಳಿದ್ದೇನೆ ಎಂದುಕೊಂಡಿದ್ದೆ. ಅರ್ಧ ಕೇಳಿದ್ದೇನೆ, ಅರ್ಧ ನೋಡಿದ್ದೇನೆ.

ಅಧ್ಯಾಯ ಮುಗಿದ ಮೇಲೆ ಕೊನೆಯಲ್ಲಿ ನೀನು 'ಓದಿದವರು, ಸುಶ್ಮಿತಾ ಸುಬ್ಬಪ್ಪ' ಎನ್ನುತ್ತೀಯ. ಅಷ್ಟನ್ನೇ ಹಿಂದಕ್ಕೆ ಒಯ್ದು ಮತ್ತೆ ಮತ್ತೆ ಕೇಳಿದೆ. ಕಾಫಿ ಆರಿಹೋಯಿತು ಎಂದು ನಿಮ್ಮಮ್ಮ ಬಂದು ಭುಜ ಅಲುಗಿಸಿದಳು. ಆಮೇಲೆ ಹೆಡ್‌ಫೋನು ತೆಗೆದು ಅವಳ ತಲೆಗೆ ಹಾಕಿದೆ.

ನಿನಗೆ ಆ ಹೆಸರನ್ನು ಇಟ್ಟವನು ನಾನು. ಅದು ಹೇಗೆ ಕೇಳುತ್ತದೆ ಎಂದು ನನಗೆ ಮೊನ್ನೆ ಗೊತ್ತಾಯಿತು. ತುಂಬ ಚೆನ್ನಾಗಿದೆ ಕಣಮ್ಮ.

ನಿನ್ನ ಅಪ್ಪ
ಸುಬ್ಬಪ್ಪ